ಮರೆಮಾಚುವುದು ಉಪಗೂಹನವಲ್ಲ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳು. ನಿಃಶಂಕಿತ, ನಿಃಕಾಂಕ್ಷಿತ, ನಿರ್ವಿಚಿಕಿತ್ಸೆ, ಅಮೂಢದೃಷ್ಟಿ, ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ, ಪ್ರಭಾವನೆ ಎಂದು ಬಸದಿಯ ಪಾಠಶಾಲೆಯ ಬಾಲಕನೂ ಒಂದೇ ಉಸಿರಿನಲ್ಲಿ ಹೇಳಬಲ್ಲನು. ಆದರೆ ಈ ಎಂಟರಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು, ಅದನ್ನೂ ತಲೆಕೆಳಗಾಗಿ ಆಚರಿಸುವ ರೂಢಿಯೊಂದು ಶ್ರಾವಕ ಸಮಾಜದಲ್ಲಿ ಬೇರುಬಿಟ್ಟಿದೆ. ಆ ಅಂಗವೇ ಉಪಗೂಹನ. ಮನೆಯ ಮಗನೋ ಅಳಿಯನೋ ಮದ್ಯವ್ಯಸನಕ್ಕೆ ಸಿಲುಕಿದಾಗ ಬಾಗಿಲಿಕ್ಕಿ, ಕಿಟಕಿ ಮುಚ್ಚಿ, ನೆರೆಯವರಿಗೆ ‘ಜ್ವರ’ವೆಂದು ಹೇಳಿ, ಆ ಸುಳ್ಳಿನ ಮೇಲೆ ಪವಿತ್ರವಾದ ಈ ಶಬ್ದವನ್ನು ಹೊದಿಸಲಾಗುತ್ತಿದೆ. ದೋಷವನ್ನು ಮುಚ್ಚುವುದು ಶ್ರಾವಕಧರ್ಮವೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಮುಚ್ಚಿದ ಬಾಗಿಲ ಒಳಗೆ ಒಂದು ಜೀವ ನಶಿಸುತ್ತಿರುತ್ತದೆ. ಅದರ ಜೊತೆಗೆ ಪತ್ನಿ, ಮಕ್ಕಳು, ವೃದ್ಧ ತಾಯಿತಂದೆಯರೂ ಸವೆಯುತ್ತಿರುತ್ತಾರೆ. ಇದು ಉಪಗೂಹನವಲ್ಲ. ಇದು ಹಿಂಸೆ.

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ ತಾಲೂಕುಗಳ ಬೆಟ್ಟಸಾಲಿನಲ್ಲಿ ಈ ಮುಚ್ಚುಮರೆಗೆ ಭೂಮಿಯೇ ನೆರವಾಗುತ್ತದೆ. ಪಾಳ್ಯ ಹೋಬಳಿಯಂತಹ ಕಡೆ ತೋಟದ ಮನೆಗೂ ಮನೆಗೂ ನಡುವೆ ಕಾಫಿಯ ಇಳಿಜಾರುಗಳಿವೆ, ಗದ್ದೆಬಯಲುಗಳಿವೆ. ಮಳೆಗಾಲದ ತಿಂಗಳುಗಳಲ್ಲಿ ನೆಂಟರ ಸುಳಿವೂ ಅಪರೂಪ. ಮನೆಯೊಳಗಿನ ಗದ್ದಲ ಮಳೆಯ ಸದ್ದಿನಲ್ಲಿ ಅಡಗಿಹೋಗುತ್ತದೆ. ಇಂತಹ ಕಡೆ ಜೈನ ಮನೆಗಳಿದ್ದರೂ ಬೆರಳೆಣಿಕೆಯವು. ಆದ್ದರಿಂದ ಒಂದು ಮನೆಯ ಮಾತು ಹೊರಬಿದ್ದರೆ ಸಮಾಜವೆಲ್ಲಕ್ಕೂ ತಿಳಿಯುವುದೆಂಬ ಅಂಜಿಕೆ ಬಲವಾಗಿರುತ್ತದೆ. ಹಾಸನದ ಆಸ್ಪತ್ರೆಗೆ ಹೋಗೋಣವೆಂದರೆ ಬಸ್ಸಿನಲ್ಲಿ ಪರಿಚಿತರು ಸಿಗುತ್ತಾರೆ; ಊರಿನಲ್ಲಿಯೇ ಮದ್ಯವರ್ಜನ ಶಿಬಿರ ನಡೆದರೆ ತೋಟದ ಆಳುಗಳೂ ಅಲ್ಲಿಗೆ ಬರುತ್ತಾರೆ. ಮಗಳ ಮದುವೆ ಗೊತ್ತಾಗಬೇಕಾಗಿದೆ, ಮಗನಿಗೆ ಹೆಣ್ಣು ನೋಡಬೇಕಾಗಿದೆ, ಬಸದಿಯ ಟ್ರಸ್ಟಿನಲ್ಲಿ ಹೆಸರಿದೆ ಎಂಬ ನೂರು ಕಾರಣಗಳ ನಡುವೆ ಒಂದು ವರ್ಷ ಹತ್ತು ವರ್ಷವಾಗುತ್ತದೆ. ಕೊನೆಗೆ ಊರಿಗೆಲ್ಲ ಗೊತ್ತಿರುವ ಸಂಗತಿಯನ್ನು ಊರಿಗೆ ತಿಳಿಯದಂತೆ ಕಾಯುತ್ತಿರುವವರು ಮನೆಯವರು ಮಾತ್ರ!

ಜೈನರ ಮನೆಗಳಲ್ಲಿ ಕುಡಿತವೇ ಇಲ್ಲ, ಈ ಚರ್ಚೆಯೇ ಅನಾವಶ್ಯಕ ಎನ್ನುವವರು ಮೊದಲ ಪ್ರತಿವಾದಿಗಳು. ಇವರಿಗೆ ಶಾಸ್ತ್ರವೇ ಉತ್ತರ ಹೇಳುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಷ್ಟಮೂಲಗುಣಗಳನ್ನು ಹೇಳುವಾಗ ಐದು ಅಣುವ್ರತಗಳೊಡನೆ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಸೇರಿಸಿದರು. ಸಪ್ತವ್ಯಸನಗಳ ಪಟ್ಟಿಯಲ್ಲಿಯೂ ಮದ್ಯಕ್ಕೆ ಸ್ಥಾನವುಂಟು. ಶ್ರಾವಕರಲ್ಲಿ ಯಾರೂ ಎಂದೂ ಬೀಳುವ ಸಂಭವವೇ ಇಲ್ಲದಿದ್ದರೆ ಆಚಾರ್ಯರು ಈ ಎಚ್ಚರಿಕೆಯನ್ನು ಬರೆಯುವ ಅಗತ್ಯವಿರಲಿಲ್ಲ. ಭಾರತ ಸರ್ಕಾರದ ಸಾಮಾಜಿಕ ನ್ಯಾಯ ಮಂತ್ರಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷ ವಯೋಮಾನದವರಲ್ಲಿ ಶೇಕಡ 14.6ರಷ್ಟು, ಅಂದರೆ ಸುಮಾರು 16 ಕೋಟಿ ಜನರು ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಮದ್ಯದ ಸಮಸ್ಯೆಗಾಗಿ ನೆರವು ಬೇಕಾಗಿದೆ. ಮದ್ಯಕ್ಕೆ ದಾಸರಾದ ಪ್ರತಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆಯೋ ನೆರವೋ ದೊರೆತಿದೆಯೆಂದು ಅದೇ ಸಮೀಕ್ಷೆ ಹೇಳಿತು. ಉಳಿದ 37 ಮಂದಿ ಎಲ್ಲಿದ್ದಾರೆ? ಮುಚ್ಚಿದ ಬಾಗಿಲುಗಳ ಹಿಂದೆ ಇದ್ದಾರೆ. ಆ ಬಾಗಿಲುಗಳಲ್ಲಿ ಒಂದೂ ಜೈನರದ್ದಲ್ಲವೆಂದು ಆಣೆಯಿಟ್ಟು ಹೇಳುವ ಧೈರ್ಯ ಯಾವ ಟ್ರಸ್ಟಿನ ಅಧ್ಯಕ್ಷರಿಗಿದೆ?

ಉಪಗೂಹನವೆಂದರೇನೆಂಬುದನ್ನು ಮೂಲದಲ್ಲಿಯೇ ನೋಡುವುದು ಉಚಿತ. ಸ್ವತಃ ಶುದ್ಧವಾದ ಮೋಕ್ಷಮಾರ್ಗಕ್ಕೆ ಅಜ್ಞರಿಂದಲೋ ಅಶಕ್ತರಿಂದಲೋ ಬರುವ ಅಪವಾದವನ್ನು ನಿವಾರಿಸುವುದು ಅದರ ಲಕ್ಷಣವೆಂದು ಆಚಾರ್ಯರು ಹೇಳುತ್ತಾರೆ. ಕಾಪಾಡಬೇಕಾದದ್ದು ಮಾರ್ಗದ ಹೆಸರನ್ನು. ಮನೆತನದ ಪ್ರತಿಷ್ಠೆಯನ್ನಲ್ಲ, ವ್ಯಸನವನ್ನಂತೂ ಅಲ್ಲವೇ ಅಲ್ಲ. ಈ ಅಂಗಕ್ಕೆ ದೃಷ್ಟಾಂತನಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆ ಎಲ್ಲರೂ ಕೇಳಿದ್ದೇ. ಬ್ರಹ್ಮಚಾರಿಯ ವೇಷದಲ್ಲಿ ಬಂದ ಕಳ್ಳನೊಬ್ಬನು ಪಾರ್ಶ್ವಜಿನಬಿಂಬದ ಮೇಲಿನ ಛತ್ರದ ವೈಡೂರ್ಯಮಣಿಯನ್ನು ಕದ್ದು ಓಡಿದಾಗ, ಕಾವಲಿನವರು ಬೆನ್ನಟ್ಟಿ ಹಿಡಿದರು. ಆಗ ಶ್ರೇಷ್ಠಿಯು, ತನ್ನ ಮಾತಿನಂತೆಯೇ ಆತನು ಅದನ್ನು ತಂದನೆಂದು ಹೇಳಿ, ಧರ್ಮದ ವೇಷಕ್ಕೆ ಬರಬಹುದಾಗಿದ್ದ ಕಳಂಕವನ್ನು ತಪ್ಪಿಸಿದನು. ಕಥೆಯನ್ನು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಅದೇ ರಾತ್ರಿ ಶ್ರೇಷ್ಠಿಯು ಆ ಕಳ್ಳನನ್ನು ತನ್ನಲ್ಲಿಂದ ಹೊರಗಟ್ಟಿದನೆಂಬ ಉತ್ತರಾರ್ಧವನ್ನು ಯಾರೂ ಹೇಳುವುದಿಲ್ಲ. ಬಹಿರಂಗದಲ್ಲಿ ಮುಚ್ಚಿದನು, ಏಕಾಂತದಲ್ಲಿ ಕಳ್ಳತನಕ್ಕೆ ಅಂತ್ಯ ಹಾಡಿದನು. ಮಣಿಯನ್ನು ಕಳ್ಳನ ಕೈಯಲ್ಲಿಯೇ ಬಿಟ್ಟು, ಪ್ರತಿರಾತ್ರಿ ಕದಿಯಲು ಅವಕಾಶ ಕೊಟ್ಟು, ಅದನ್ನು ಉಪಗೂಹನವೆಂದು ಕರೆಯಲಿಲ್ಲ.

ಇನ್ನೂ ಒಂದು ಮಾತುಂಟು. ಐದನೆಯ ಅಂಗದ ಬೆನ್ನಲ್ಲಿಯೇ ಆರನೆಯದು ಬರುತ್ತದೆ: ಸ್ಥಿತಿಕರಣ, ಜಾರುತ್ತಿರುವವನನ್ನು ಮತ್ತೆ ನೆಲೆಗೊಳಿಸುವುದು. ಇದಕ್ಕೆ ದೃಷ್ಟಾಂತ ಶ್ರೇಣಿಕ ಮಹಾರಾಜನ ಪುತ್ರ ವಾರಿಷೇಣ ಮುನಿ. ಆತನ ಬಾಲ್ಯಮಿತ್ರ ಪುಷ್ಪಡಾಲನು ದೀಕ್ಷೆ ವಹಿಸಿಯೂ ಹನ್ನೆರಡು ವರ್ಷ ಹೆಂಡತಿಯನ್ನೇ ನೆನೆಯುತ್ತಿದ್ದನು. ವಾರಿಷೇಣನು ಅವನನ್ನು ಸಂಘದಿಂದ ಓಡಿಸಲಿಲ್ಲ, ಸಂಘದ ಮುಂದೆ ನಿಂದಿಸಲಿಲ್ಲ, ಏನೂ ಆಗಿಲ್ಲವೆಂದು ಸುಮ್ಮನೆಯೂ ಕೂರಲಿಲ್ಲ. ತಾನೇ ಜೊತೆಯಲ್ಲಿ ನಡೆದು, ತಾನು ತ್ಯಜಿಸಿಬಂದ ಅರಮನೆಗೆ ಕರೆದೊಯ್ದು, ತಾನು ಬಿಟ್ಟದ್ದು ಎಷ್ಟೆಂಬುದನ್ನು ಮಿತ್ರನ ಕಣ್ಣಿಗೆ ಕಾಣಿಸಿದನು. ಮಿತ್ರನು ನಾಚಿ, ಎಚ್ಚೆತ್ತು, ಸ್ಥಿರನಾದನು. ಬಿಟ್ಟವನೊಬ್ಬನು ಬಿಡಲಾರದವನ ಪಕ್ಕದಲ್ಲಿ ನಡೆಯುವುದೇ ಸ್ಥಿತಿಕರಣದ ಮರ್ಮ. ಅಂಗಹೀನವಾದ ದರ್ಶನವು ಜನ್ಮಪರಂಪರೆಯನ್ನು ಕತ್ತರಿಸಲಾರದು, ಅಕ್ಷರ ತಪ್ಪಿದ ಮಂತ್ರವು ವಿಷವನ್ನಿಳಿಸಲಾರದಂತೆ ಎಂದು ಸಮಂತಭದ್ರಾಚಾರ್ಯರೇ ಹೋಲಿಕೆ ಕೊಟ್ಟಿದ್ದಾರೆ. ಉಪಗೂಹನವನ್ನು ಹಿಡಿದು ಸ್ಥಿತಿಕರಣವನ್ನು ಬಿಟ್ಟ ಸಮಾಜವು ಅಕ್ಷರ ತಪ್ಪಿದ ಮಂತ್ರವನ್ನೇ ಜಪಿಸುತ್ತಿದೆ. ವಿಷ ಇಳಿಯದಿರುವುದರಲ್ಲಿ ಆಶ್ಚರ್ಯವೇನು?

ಎರಡನೆಯ ಪ್ರತಿವಾದಿಗಳು ನಿಯಮವಾದಿಗಳು. ವ್ಯಸನಿಯನ್ನು ಮುನಿಮಹಾರಾಜರ ಬಳಿಗೋ ಭಟ್ಟಾರಕರ ಬಳಿಗೋ ಕರೆದೊಯ್ದು, ತಲೆ ಬಾಗಿಸಿ ನಿಯಮ ಕೊಡಿಸಿಬಿಟ್ಟರೆ ಆಯಿತು ಎನ್ನುತ್ತಾರೆ. ವ್ರತದ ಮಹಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ವ್ರತವನ್ನು ಸ್ವೀಕರಿಸುವುದಕ್ಕೆ ಸ್ವಸ್ಥಚಿತ್ತ ಬೇಕು, ಅದನ್ನು ಪಾಲಿಸುವುದಕ್ಕೆ ಸಂಗ ಬೇಕು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಮದ್ಯವು ಮೊದಲು ಮನಸ್ಸನ್ನೇ ಮೋಹಗೊಳಿಸುತ್ತದೆ, ಮೋಹಿತನಾದವನು ಧರ್ಮವನ್ನು ಮರೆಯುತ್ತಾನೆ ಎಂದು ವಿವರಿಸಿದರು. ಮರೆವೇ ರೋಗವಾಗಿರುವವನಿಗೆ ನೆನಪಿಟ್ಟುಕೋ ಎಂದು ಒಮ್ಮೆ ಹೇಳಿ ಕಳಿಸಿದರೆ ಸಾಕೇ? ನಿಯಮ ಮುರಿದ ಮರುದಿನ ಅವನ ಹೆಗಲಿಗೆ ಕುಡಿತದ ಜೊತೆಗೆ ವ್ರತಭಂಗದ ಭಾರವೂ ಏರುತ್ತದೆ. ಅಂದಿನಿಂದ ಅವನು ಬಸದಿಯ ಮೆಟ್ಟಿಲನ್ನೇ ಹತ್ತುವುದಿಲ್ಲ. ಮುನಿಗಳ ಚಾರಿತ್ರದಲ್ಲಿಯೇ ಜಾರಿದವನನ್ನು ಮರಳಿ ನಿಲ್ಲಿಸುವ ಛೇದೋಪಸ್ಥಾಪನೆಗೆ ಸ್ಥಾನವಿರುವಾಗ, ಗೃಹಸ್ಥನಿಗೆ ಒಂದೇ ಅವಕಾಶವೆಂದು ವಿಧಿಸಿದವರಾರು?

ಇದರಲ್ಲಿ ಪ್ರಾಣಾಪಾಯವೂ ಅಡಗಿದೆಯೆಂಬುದನ್ನು ಸಮಾಜವು ತಿಳಿಯಬೇಕು. ವರ್ಷಗಟ್ಟಲೆ ದಿನವೂ ಹೆಚ್ಚಾಗಿ ಕುಡಿದವನ ಶರೀರವು ಮದ್ಯಕ್ಕೆ ಒಗ್ಗಿಹೋಗಿರುತ್ತದೆ. ಅವನು ಒಮ್ಮೆಗೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ನಿದ್ರಾಹೀನತೆ ತೋರುತ್ತವೆ. ಮೊದಲ ಎರಡು ದಿನಗಳೊಳಗೆ ಕೆಲವರಿಗೆ ಮೂರ್ಛೆಯಂತಹ ಸೆಳೆತ ಬರುತ್ತದೆ. ಎರಡು ಮೂರು ದಿನಗಳ ಬಳಿಕ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ್ದನ್ನು ಕಂಡು, ಜ್ವರವೇರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಈ ಸನ್ನಿ ಪ್ರಾಣವನ್ನೇ ತೆಗೆಯಬಹುದು. ಇಂಥವನನ್ನು ದಶಲಕ್ಷಣ ಪರ್ವದ ಮೊದಲ ದಿನ ನಿಯಮ ಕೊಡಿಸಿ, ಉಪವಾಸಕ್ಕೂ ಕೂರಿಸಿ, ಕೋಣೆಯಲ್ಲಿ ಬಿಟ್ಟರೆ ಅದು ಪುಣ್ಯಸಂಪಾದನೆಯಲ್ಲ, ಅಜ್ಞಾನದ ಹಿಂಸೆ. ಮೊದಲು ವೈದ್ಯರು, ಔಷಧ, ಬಿ-1 ಜೀವಸತ್ವ, ಆಹಾರ, ವಿಶ್ರಾಂತಿ, ಅದರೊಡನೆ ನಿಯಮ, ಅದರ ಬೆನ್ನಿಗೇ ಸಂಗ. ಕ್ರಮ ತಪ್ಪಬಾರದು.

ಮತ್ತೊಂದು ದುರಾಚಾರವೂ ಮನೆಗಳಲ್ಲಿ ಹೊಕ್ಕಿದೆ. ‘ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ’ ಎಂಬ ಜಾಹೀರಾತಿನ ಪುಡಿಗಳನ್ನು ತರಿಸಿ ಸಾರಿನಲ್ಲಿ ಕಲಸುವುದು. ಪೊಟ್ಟಣದೊಳಗೆ ಏನಿದೆಯೆಂದು ತರಿಸಿದವರಿಗೇ ಗೊತ್ತಿರುವುದಿಲ್ಲ. ಮದ್ಯದೊಡನೆ ಸೇರಿದಾಗ ಮೈಯನ್ನು ಕಂಗೆಡಿಸುವ ಡೈಸಲ್ಫಿರಾಂ ಎಂಬ ಔಷಧವುಂಟು. ಅದನ್ನು ವೈದ್ಯರು ರೋಗಿಗೆ ಎಲ್ಲವನ್ನೂ ತಿಳಿಸಿ, ಅವನ ಒಪ್ಪಿಗೆ ಪಡೆದೇ ಕೊಡುತ್ತಾರೆ. ಅದೇ ಔಷಧವನ್ನು ತಿಳಿಯದೆ ಸೇವಿಸಿದವನು ಆಮೇಲೆ ಮದ್ಯ ಕುಡಿದರೆ ರಕ್ತದೊತ್ತಡ ಕುಸಿದು, ಎದೆನೋವು ಬಂದು, ಸಾಯಲೂಬಹುದು. ಗಂಡನ ಅನ್ನದಲ್ಲಿ ಗುಟ್ಟಾಗಿ ವಸ್ತು ಬೆರೆಸುವುದು ಅಹಿಂಸಾಣುವ್ರತಕ್ಕೂ ಸತ್ಯಾಣುವ್ರತಕ್ಕೂ ಒಂದೇ ತುತ್ತಿನಲ್ಲಿ ಭಂಗ ತರುತ್ತದೆ. ಸಭೆಗೆ ಕರೆದೊಯ್ಯಲು ನಾಚುವ ಮನೆಯು ವಿಷಪ್ರಾಯವಾದುದನ್ನು ಬಡಿಸಲು ನಾಚುವುದಿಲ್ಲವೆಂದರೆ ಆ ನಾಚಿಕೆಯ ಬೆಲೆ ಎಷ್ಟು?

ಹಾಗಾದರೆ ಆ ಸಂಗ ಯಾವುದು? 1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ನ್ಯೂಯಾರ್ಕಿನ ವ್ಯಾಪಾರಿಯೊಬ್ಬನು ಕೆಲಸಕ್ಕಾಗಿ ಬಂದಿದ್ದನು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಮುರಿದುಬಿದ್ದಿತು. ಇಳಿದುಕೊಂಡಿದ್ದ ಹೋಟೆಲಿನ ಬಾರು ಕೈಬೀಸಿ ಕರೆಯುತ್ತಿತ್ತು. ಆತನು ಬಾರಿನ ಕಡೆಗೆ ಹೋಗಲಿಲ್ಲ. ಚರ್ಚುಗಳ ಹೆಸರಿನ ಪಟ್ಟಿ ನೋಡಿ ದೂರವಾಣಿ ಮಾಡಿ, ಮಾತನಾಡುವುದಕ್ಕೆ ಇನ್ನೊಬ್ಬ ಕುಡುಕನನ್ನು ಹುಡುಕಿದನು. ಹೀಗೆ ಆತನಿಗೆ ದೊರೆತವನು ಅದೇ ಊರಿನ ಒಬ್ಬ ಶಸ್ತ್ರವೈದ್ಯ. ಬಿಲ್ ಮತ್ತು ಬಾಬ್ ಎಂಬ ಹೆಸರುಗಳಿಂದ ಲೋಕಕ್ಕೆ ಪರಿಚಿತರಾದ ಈ ಇಬ್ಬರಲ್ಲಿ, ವೈದ್ಯನು ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಬಳಗದ ಜನ್ಮದಿನವೆಂದು ಎಣಿಸಲಾಗುತ್ತದೆ. ಈ ಬಳಗವು 1957ರಲ್ಲಿ ಮುಂಬಯಿಯ ಮೂಲಕ ಭಾರತಕ್ಕೆ ಬಂದಿತು, ಎ.ಎ. ಎಂಬ ಎರಡಕ್ಷರದಿಂದ ಕರ್ನಾಟಕದಲ್ಲಿಯೂ ಪರಿಚಿತವಾಗಿದೆ. ತಾನು ಬೀಳದಿರಲು ಇನ್ನೊಬ್ಬನನ್ನು ಎತ್ತಬೇಕೆಂಬುದು ಅದರ ಮೂಲಸೂತ್ರ.

ಅದರ ಸಭೆಯಲ್ಲಿ ಭಯಪಡುವಂತಹದೇನೂ ನಡೆಯುವುದಿಲ್ಲ. ಒಂದು ಕೋಣೆ, ಕೆಲವು ಕುರ್ಚಿಗಳು, ಒಂದಿಷ್ಟು ಚಹ. ಸಾಮಾನ್ಯವಾಗಿ ಒಂದು, ಒಂದೂವರೆ ಗಂಟೆಯ ಕಾಲ. ಪ್ರವೇಶಶುಲ್ಕವಿಲ್ಲ, ಹಾಜರಿಪುಸ್ತಕವಿಲ್ಲ, ಕುಲಗೋತ್ರ ಕೇಳುವವರಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಒಬ್ಬೊಬ್ಬರಾಗಿ ಹೆಸರು ಹೇಳಿ, ತಾನು ಮದ್ಯವ್ಯಸನಿಯೆಂದು ಒಪ್ಪಿಕೊಂಡು, ತನ್ನ ಅನುಭವವನ್ನು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಹೊಸಬನು ಮಾತನಾಡಲೇಬೇಕೆಂಬ ಒತ್ತಾಯವಿಲ್ಲ. ಜೀವಮಾನವೆಲ್ಲ ಬಿಡುವೆನೆಂಬ ಭೀಷ್ಮಪ್ರತಿಜ್ಞೆ ಬೇಡ, ಇಂದಿನ ಇಪ್ಪತ್ತನಾಲ್ಕು ಗಂಟೆ ಕುಡಿಯದಿದ್ದರೆ ಸಾಕು ಎನ್ನುತ್ತಾರೆ. ಅಲ್ಲಿ ಕಂಡವರನ್ನೂ ಕೇಳಿದ ಮಾತನ್ನೂ ಅಲ್ಲಿಯೇ ಬಿಟ್ಟು ಬರುವುದು ಕಟ್ಟಳೆ. ಹೆಸರಿನ ಮರ್ಯಾದೆಗಾಗಿ ಅಂಜುವವರು ಇದನ್ನು ಗಮನಿಸಬೇಕು: ವ್ಯಕ್ತಿಯ ಗುಟ್ಟು ಉಳಿಯಬೇಕು, ವ್ಯಸನ ಅಳಿಯಬೇಕು ಎಂಬ ಎರಡನ್ನೂ ಸಾಧಿಸಿದ ಈ ಸಭೆಯಲ್ಲಿಯೇ ನಿಜವಾದ ಉಪಗೂಹನವೂ ಸ್ಥಿತಿಕರಣವೂ ಕೈಹಿಡಿದು ನಿಂತಿವೆ.

ಪ್ರತಿಕ್ರಮಣವನ್ನು ಬಲ್ಲ ಸಮಾಜಕ್ಕೆ ಇದು ಪರಕೀಯವೂ ಅಲ್ಲ. ಮಾಡಿದ ದೋಷವನ್ನು ಒಳಗೇ ಹಳಿದುಕೊಳ್ಳುವುದು ನಿಂದೆ, ಗುರುಸಾಕ್ಷಿಯಾಗಿ ಹೇಳಿ ಹಳಿದುಕೊಳ್ಳುವುದು ಗರ್ಹೆ. ಎರಡೂ ಬೇಕೆಂದು ಶಾಸ್ತ್ರ ಹೇಳುತ್ತದೆ. ವ್ಯಸನಿಯು ಒಳಗೇ ತನ್ನನ್ನು ಹಳಿದುಕೊಂಡು ಕೊರಗಿ, ಆ ಕೊರಗನ್ನು ಮರೆಯಲು ಮತ್ತೆ ಕುಡಿಯುತ್ತಾನೆ. ಹೇಳಿಕೊಳ್ಳುವುದಕ್ಕೆ ಒಂದು ಸ್ಥಳ ದೊರೆತಾಗಲೇ ಆ ಚಕ್ರ ತುಂಡಾಗುವುದು. ಇದು ಕೇವಲ ಭಾವನೆಯ ಮಾತಲ್ಲ. 27 ಅಧ್ಯಯನಗಳನ್ನು, ಅವುಗಳಲ್ಲಿನ 10,565 ಜನರ ಫಲಿತಾಂಶಗಳನ್ನು ಪರಿಶೀಲಿಸಿ ಕಾಕ್ರೇನ್ ಸಂಸ್ಥೆ 2020ರಲ್ಲಿ ಪ್ರಕಟಿಸಿದ ವರದಿಯಂತೆ, ಎ.ಎ. ಸಭೆಗಳಿಗೆ ಕ್ರಮಬದ್ಧವಾಗಿ ಜೋಡಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಬಳಿಕ ಪೂರ್ಣ ಮದ್ಯಮುಕ್ತರಾಗಿದ್ದವರು ಶೇಕಡ 42. ಇತರ ಚಿಕಿತ್ಸೆ ಪಡೆದವರಲ್ಲಿ ಶೇಕಡ 35. ಅಧ್ಯಯನಗಳು ಹೆಚ್ಚಾಗಿ ಅಮೆರಿಕದವು. ಎಲ್ಲರೂ ಗುಣವಾದರೆಂದೂ ಅವು ಹೇಳುವುದಿಲ್ಲ. ಆದರೂ ಶುಲ್ಕವಿಲ್ಲದೆ ನಡೆಯುವ, ಕುರ್ಚಿ ಮತ್ತು ಚಹವಷ್ಟೇ ಬಂಡವಾಳವಾಗಿರುವ ಉಪಾಯವೊಂದು ಇಷ್ಟು ಫಲ ಕೊಡುವುದಾದರೆ ಅದನ್ನು ತಿರಸ್ಕರಿಸುವ ಅಧಿಕಾರ ಯಾರಿಗೂ ಇಲ್ಲ.

ಪರದೇಶದ ಮಾತು ಬೇಡವೆನ್ನುವವರಿಗೆ ಘಟ್ಟದ ಕೆಳಗೇ ಉದಾಹರಣೆಯುಂಟು. ಧರ್ಮಸ್ಥಳದ ಧರ್ಮಾಧಿಕಾರಿಗಳಾದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗ್ರಾಮಾಭಿವೃದ್ಧಿ ಯೋಜನೆಯನ್ನು ಆರಂಭಿಸಿದರು. ಬಡವನ ದುಡಿಮೆ ಮದ್ಯದಂಗಡಿಗೆ ಹರಿದರೆ ಯಾವ ಯೋಜನೆಯೂ ನಿಲ್ಲದೆಂಬ ಅರಿವಿನಿಂದ 1990ರ ದಶಕದ ಆರಂಭದಲ್ಲಿ ಜನಜಾಗೃತಿ ವೇದಿಕೆ ರೂಪುಗೊಂಡಿತು. ಅದರ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಹಾಸನ ಜಿಲ್ಲೆಯನ್ನೂ ಒಳಗೊಂಡು ರಾಜ್ಯದ ತಾಲೂಕು ತಾಲೂಕುಗಳಲ್ಲಿ ನಡೆದಿವೆ. ಊರಿನ ಸಮುದಾಯಭವನದಲ್ಲಿಯೋ ಕಲ್ಯಾಣಮಂಟಪದಲ್ಲಿಯೋ ವ್ಯಸನಿಗಳನ್ನು ಒಟ್ಟಿಗೆ ಇರಿಸಿ, ಚಿಕಿತ್ಸೆ, ಯೋಗ, ಆಪ್ತಸಲಹೆ, ಕುಟುಂಬದವರೊಡನೆ ಮಾತುಕತೆ ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ಕೈಬಿಡುವುದಿಲ್ಲವೆಂಬುದೇ ಇದರ ಸತ್ತ್ವ. ಬಿಟ್ಟವರೆಲ್ಲ ಸೇರಿ ‘ನವಜೀವನ ಸಮಿತಿ’ ಕಟ್ಟಿಕೊಂಡು ವಾರಕ್ಕೊಮ್ಮೆ ಕೂಡುತ್ತಾರೆ. ನೂರು ದಿನ ತುಂಬಿದಾಗ ‘ಶತದಿನೋತ್ಸವ’ ಆಚರಿಸುತ್ತಾರೆ. ಎಂಟು ದಿನದ ಶಿಬಿರವು ಬೀಜ ಬಿತ್ತುವಂತೆ, ವಾರದ ಸಭೆಯು ನೀರೆರೆಯುವಂತೆ. ಬಿತ್ತಿ ಮನೆಗೆ ಹೋದವನಿಗೆ ಬೆಳೆ ದೊರೆಯುವುದಿಲ್ಲವೆಂದು ಮಲೆನಾಡಿನ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಜೈನ ಮನೆತನವೊಂದು ಸರ್ವಜಾತಿಯವರಿಗೂ ತೆರೆದ ಈ ಬಾಗಿಲಿನೊಳಗೆ ಜೈನರ ಮಗನೇ ಹೋಗಲು ನಾಚುವುದಾದರೆ ಅದಕ್ಕಿಂತ ದೊಡ್ಡ ವಿಪರ್ಯಾಸವಿಲ್ಲ.

ನಾಚಿಕೆಯ ನಿಜವಾದ ಕಾರಣ ಬೇರೆಯೇ ಇದೆ. ಅದನ್ನು ಸ್ಪಷ್ಟವಾಗಿ ಹೇಳಿಬಿಡುವುದು ಲೇಸು. ಸಭೆಯಲ್ಲಿ ತೋಟದ ಯಜಮಾನನೂ ಅವನ ಲೈನ್ ಮನೆಯ ಆಳೂ ಒಂದೇ ಸಾಲಿನಲ್ಲಿ ಕೂರಬೇಕಾಗುತ್ತದೆ. ಬಟವಾಡೆಯ ದಿನ ಕೂಲಿ ಎಣಿಸಿ ಕೊಡುವ ಕೈಯೂ ಅದನ್ನು ಪಡೆಯುವ ಕೈಯೂ ಒಂದೇ ರೀತಿ ನಡುಗುತ್ತಿರುತ್ತವೆಂಬ ಸತ್ಯ ಅಲ್ಲಿ ಬೆಳಕಿಗೆ ಬರುತ್ತದೆ. ಆಳು ಕುಡಿದರೆ ‘ಕುಡುಕ’, ಧಣಿ ಕುಡಿದರೆ ‘ಸ್ವಲ್ಪ ಅಭ್ಯಾಸ’ ಎಂಬ ಭಾಷಾಭೇದ ಅಲ್ಲಿ ನಡೆಯುವುದಿಲ್ಲ. ಸಮವಸರಣದ ವೈಭವವನ್ನು ವರ್ಣಿಸುವಾಗ, ದೇವ ಮಾನವ ತಿರ್ಯಂಚರೆಲ್ಲರೂ ವೈರವನ್ನು ಮರೆತು ಕುಳಿತು ಜಿನವಾಣಿಯನ್ನು ಕೇಳಿದರೆಂದು ಹೇಳಿ ಪುಳಕಗೊಳ್ಳುವ ಶ್ರಾವಕನಿಗೆ, ತನ್ನ ತೋಟದಲ್ಲಿ ಕಾಫಿ ಕೊಯ್ಯುವ ಮನುಷ್ಯನ ಪಕ್ಕದಲ್ಲಿ ಒಂದು ಗಂಟೆ ಕೂರುವುದು ಅಸಾಧ್ಯವೇ? ಹಾಗಿದ್ದರೆ ಅವನು ಕಳೆದುಕೊಳ್ಳಲು ಹೆದರುತ್ತಿರುವುದು ಮರ್ಯಾದೆಯನ್ನಲ್ಲ, ಮಾನಕಷಾಯವನ್ನು.

ಅಲ್ಲಿ ಈಶ್ವರನ ಹೆಸರು ಬರುತ್ತದೆ, ಭಜನೆ ನಡೆಯುತ್ತದೆ, ಅಮೂಢದೃಷ್ಟಿಗೆ ಭಂಗವಾಗುತ್ತದೆ ಎಂಬ ಆಕ್ಷೇಪವೂ ಕೇಳಿಬರುತ್ತದೆ. ಇದನ್ನು ಗೌರವದಿಂದಲೇ ಪರಿಶೀಲಿಸಬೇಕು. ಎ.ಎ. ಬಳಗದ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಉಲ್ಲೇಖವಿದೆಯೆಂಬುದು ನಿಜ. ಆದರೆ ಪ್ರತಿಯೊಬ್ಬನೂ ತಾನು ಅರಿತಂತೆ ಅದನ್ನು ಭಾವಿಸಲೆಂದು ಅಲ್ಲಿಯೇ ಹೇಳಿದೆ. ಜಗತ್ಕರ್ತನನ್ನು ಒಪ್ಪದ ಶ್ರಾವಕನು ಪಂಚಪರಮೇಷ್ಠಿಗಳ ಗುಣಸ್ಮರಣೆಯನ್ನೇ ತನ್ನ ಆಶ್ರಯವಾಗಿ ಇಟ್ಟುಕೊಳ್ಳಬಹುದು. ಭಜನೆಯ ಹೊತ್ತಿನಲ್ಲಿ ಮೌನವಾಗಿ ಣಮೋಕಾರವನ್ನು ಜಪಿಸಿದರೆ ತಡೆಯುವವರಿಲ್ಲ. ಆಸ್ಪತ್ರೆಯ ಗೋಡೆಯ ಮೇಲಿನ ಪಟವನ್ನು ನೋಡಿ ಔಷಧವನ್ನು ನಿರಾಕರಿಸಿದ ಜೈನನಿಲ್ಲ. ಈ ಒಂದು ಔಷಧದ ವಿಷಯದಲ್ಲಿ ಮಾತ್ರ ಸಿದ್ಧಾಂತ ನೆನಪಾಗುವುದೇಕೆ?

ಇನ್ನು ‘ಸರ್ಕಾರವೇ ಮದ್ಯ ನಿಷೇಧಿಸಲಿ’ ಎಂಬ ಕೂಗು. ಸಂವಿಧಾನದ 47ನೆಯ ವಿಧಿಯು ಆ ದಿಕ್ಕಿನಲ್ಲಿ ನಿರ್ದೇಶನ ಕೊಟ್ಟಿದೆಯೆಂಬುದು ಸತ್ಯ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. 2024-25ರ ಆಯವ್ಯಯದಲ್ಲಿ ರಾಜ್ಯವು ಅಬಕಾರಿಯಿಂದ ನಿರೀಕ್ಷಿಸಿದ ಆದಾಯ 38,525 ಕೋಟಿ ರೂಪಾಯಿ. ಜಿನಸೇನಾಚಾರ್ಯರ ಹರಿವಂಶಪುರಾಣದ ದ್ವಾರಕೆಯ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಮದ್ಯದ ನಿಮಿತ್ತದಿಂದ ದ್ವೀಪಾಯನನ ಕೋಪಕ್ಕೆ ಸಿಲುಕಿ ನಗರ ನಾಶವಾಗುವುದೆಂದು ನೇಮಿನಾಥ ಸ್ವಾಮಿಗಳು ಮುಂಚೆಯೇ ನುಡಿದಿದ್ದರು. ಒಡನೆಯೇ ನಗರದ ಮದ್ಯವನ್ನೆಲ್ಲ ಹೊರಗೆ ಕದಂಬವನದ ಶಿಲಾಕುಂಡಗಳಲ್ಲಿ ಸುರಿಯಲಾಯಿತು. ಕಾಲಾಂತರದಲ್ಲಿ ಬಾಯಾರಿದ ಯಾದವಕುಮಾರರು ಅದನ್ನೇ ಕುಡಿದು ಮುನಿಯನ್ನು ಪೀಡಿಸಿದರು, ದ್ವಾರಕೆ ಉರಿಯಿತು. ಮದ್ಯವನ್ನು ಊರಾಚೆ ಸುರಿಯುವುದು ಸುಲಭ. ಬಾಯಾರಿಕೆಯನ್ನು ಊರಾಚೆ ಸುರಿಯಲಾಗುವುದಿಲ್ಲ. ನಿಷೇಧಕ್ಕೆ ಹೋರಾಡುವವರು ಹೋರಾಡಲಿ; ಅದು ಬರುವವರೆಗೆ ಮನೆಯ ಕುಡುಕನು ಕಾಯುತ್ತ ಬದುಕಿರುತ್ತಾನೆಂಬ ಭರವಸೆ ಯಾರಿಗಿದೆ?

ಆದ್ದರಿಂದ ಕರ್ತವ್ಯವು ಎರಡು ಕಡೆ ಬೀಳುತ್ತದೆ: ಮನೆಯ ಮೇಲೆ ಮತ್ತು ಟ್ರಸ್ಟಿನ ಮೇಲೆ. ಮನೆಯವರು ಮೊದಲು ಸತ್ಯವನ್ನು ಒಬ್ಬ ವೈದ್ಯರಿಗೆ ಹೇಳಬೇಕು. ತಾಲೂಕು ಆಸ್ಪತ್ರೆಯಿಂದ ಆರಂಭಿಸಿ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮನೋವೈದ್ಯ ವಿಭಾಗದವರೆಗೆ, ಇನ್ನೂ ಅಗತ್ಯವಾದರೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ದಾರಿಯುಂಟು. ಮನೆಯಿಂದಲೇ ಮಾತನಾಡಬೇಕಾದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಯೂ, ವ್ಯಸನಮುಕ್ತಿಗಾಗಿಯೇ ಇರುವ 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇವೆ. ಹತ್ತಿರದ ಎ.ಎ. ಸಭೆ ಯಾವ ವಾರ, ಎಲ್ಲಿ ಎಂಬುದನ್ನು ಆಸ್ಪತ್ರೆಯ ಆಪ್ತಸಲಹೆಗಾರರಲ್ಲಿ ವಿಚಾರಿಸಬಹುದು. ಮುಂದಿನ ಶಿಬಿರವನ್ನೂ ನವಜೀವನ ಸಮಿತಿಯನ್ನೂ ಧರ್ಮಸ್ಥಳ ಯೋಜನೆಯ ತಾಲೂಕು ಕಚೇರಿಯಲ್ಲಿ ಕೇಳಬಹುದು. ಕೇಳಿದ ಮೇಲೆ ಚೀಟಿ ಬರೆದು ಕೈಗೆ ಕೊಟ್ಟು ಕಳಿಸುವುದಲ್ಲ. ವಾರಿಷೇಣನಂತೆ ಜೊತೆಗೆ ನಡೆಯಬೇಕು. ಮೊದಲ ಸಭೆಗೆ ಸಭಾಗೃಹದ ಬಾಗಿಲವರೆಗೆ ಅಣ್ಣನೋ ಭಾವನೋ ಮಿತ್ರನೋ ಹೋಗಿ, ಮುಗಿಯುವವರೆಗೆ ಹೊರಗೆ ಕಾದು, ಒಟ್ಟಿಗೆ ಮನೆಗೆ ಬರಬೇಕು. ಒಮ್ಮೆ ಹೋಗಿ ಮತ್ತೆ ಕುಡಿದರೆ ‘ನೋಡಿದಿರಾ’ ಎನ್ನುವುದಲ್ಲ. ಮುಂದಿನ ವಾರ ಮತ್ತೆ ಹೊರಡಬೇಕು. ಪತ್ನಿಗೂ ಆಶ್ರಯ ಬೇಕು. 1951ರಲ್ಲಿ ಆರಂಭವಾದ ಆಲ್-ಅನಾನ್ ಬಳಗವು ವ್ಯಸನಿಗಳ ಮನೆಯವರಿಗಾಗಿಯೇ ಇದೆ. ಹೊಡೆತ ತಿಂದು ‘ಮೆಟ್ಟಿಲಲ್ಲಿ ಜಾರಿದೆ’ ಎನ್ನುವ ಶ್ರಾವಿಕೆಗೆ ಕ್ಷಮಾಧರ್ಮವನ್ನು ಬೋಧಿಸುವ ಮೊದಲು ರಕ್ಷಣೆ ಒದಗಿಸಬೇಕು.

ಟ್ರಸ್ಟುಗಳ ಕರ್ತವ್ಯ ಇನ್ನೂ ಸರಳ. ಬಸದಿಯ ಸಭಾಭವನವು ಮದುವೆಗೆ ಸಿಗುತ್ತದೆ, ಸೀರೆ ಮಾರಾಟಕ್ಕೂ ಸಿಗುತ್ತದೆ. ವಾರದಲ್ಲಿ ಒಂದು ಸಂಜೆ ಬಿಡಲು ಹೊರಟಿರುವವರಿಗೆ ಸಿಗಬಾರದೇಕೆ? ‘ಕುಡುಕರನ್ನು ಬಸದಿಯ ಆವರಣಕ್ಕೆ ಕರೆಯುವುದೇ?’ ಎಂದು ಹುಬ್ಬೇರಿಸುವವರು ನಿರ್ವಿಚಿಕಿತ್ಸೆಯ ದೃಷ್ಟಾಂತವನ್ನು ನೆನೆಯಬೇಕು. ಉದ್ದಾಯನ ಮಹಾರಾಜನು ಆಹಾರ ಸ್ವೀಕರಿಸಿದ ರೋಗಿಷ್ಠ ಮುನಿಯ ವಾಂತಿಯನ್ನು ಅಸಹ್ಯಪಡದೆ ತನ್ನ ಕೈಯಿಂದಲೇ ತೊಳೆದನು. ವ್ಯಸನಿಯ ಮನೆಯ ಹೆಂಗಸರು ಅದೇ ಕೆಲಸವನ್ನು ವರ್ಷಗಳಿಂದ ಮಾಡುತ್ತಿದ್ದಾರೆ. ಟ್ರಸ್ಟು ಒಂದು ಕೋಣೆಯ ಬೀಗ ತೆಗೆದರೆ ಸಾಕು. ಎ.ಎ. ಬಳಗವು ಹೊರಗಿನವರ ದೇಣಿಗೆಯನ್ನು ಸ್ವೀಕರಿಸುವುದಿಲ್ಲ, ಸ್ಥಳಕ್ಕೆ ತನ್ನಿಂದಾದಷ್ಟು ಬಾಡಿಗೆಯನ್ನೂ ಕೊಡುತ್ತದೆ. ದಾನಿಗಳ ಹೆಸರು ಕೊರೆದ ಅಮೃತಶಿಲೆಯ ಫಲಕ ಅಲ್ಲಿ ಬೇಕಾಗಿಲ್ಲ. ಬಹುಶಃ ಅದರಿಂದಲೇ ಈ ಕಾರ್ಯಕ್ಕೆ ಸವಾಲು ಕೂಗುವವರು ಮುಂದೆ ಬಂದಿಲ್ಲ! ಬಸದಿಯ ಸೂಚನಾಫಲಕದಲ್ಲಿ ಸಭೆಯ ವಾರ, ಸಮಯ, ಸಹಾಯವಾಣಿಯ ಸಂಖ್ಯೆ ಇರಲಿ. ಬಂದವರ ಹೆಸರು ಯಾವ ನಡವಳಿ ಪುಸ್ತಕದಲ್ಲಿಯೂ ಬೇಡ. ಚಾತುರ್ಮಾಸದ ಪ್ರವಚನಗಳಲ್ಲಿ ಮದ್ಯದ ನಿಂದೆಯೊಡನೆ ಮದ್ಯ ಬಿಡುವ ದಾರಿಯನ್ನೂ ಹೇಳುವಂತೆ ಪೂಜ್ಯರನ್ನು ಪ್ರಾರ್ಥಿಸಬೇಕು. ಜೈನರು ಕಡಿಮೆಯಿರುವ ಪಾಳ್ಯದಂತಹ ಕಡೆ ಪ್ರತ್ಯೇಕ ಸಭೆಯ ಹಂಬಲ ಬೇಡ. ಇರುವ ಸರ್ವಜನರ ಸಭೆಗೆ ವಾಹನವನ್ನೂ ಜೊತೆಗಾರನನ್ನೂ ಒದಗಿಸಿದರೆ ಅದೇ ದೊಡ್ಡ ವಾತ್ಸಲ್ಯ.

ಸಾವಿನ ನಂತರ ಶ್ರದ್ಧಾಂಜಲಿಯ ಸಭೆಗೆ ಇದೇ ಸಭಾಭವನ ಬಾಡಿಗೆಯಿಲ್ಲದೆ ದೊರೆಯುತ್ತದೆ. ಅಂದು ‘ಅಲ್ಪಕಾಲದ ಅಸ್ವಸ್ಥತೆಯಿಂದ’ ಎಂದು ಬರೆದ ಪತ್ರಿಕೆಯನ್ನು ಓದಿ, ಎಲ್ಲವನ್ನೂ ಬಲ್ಲವರು ಏನನ್ನೂ ಅರಿಯದವರಂತೆ ಎರಡು ನಿಮಿಷ ಮೌನವಾಗಿ ನಿಲ್ಲುತ್ತಾರೆ. ಆ ಮೌನವನ್ನು ಬದುಕಿರುವಾಗಲೇ ಮುರಿಯುವುದು ಸ್ಥಿತಿಕರಣ. ಬೀಗದ ಕೈ ಟ್ರಸ್ಟಿನ ಬಳಿಯಿದೆ. ದಾರಿ ಮನೆಯವರ ಮುಂದಿದೆ.